ಬಲಗಡಿ ಬಾಯಿ, ಎಡಗಡಿ ಬಾಯಿ

ಅಲ್ಲ, ಆ ಪೈಪಲ್ಲ ರೇಣುಕಾ, ಇನ್ನೊಂದು, ಅಯ್ಯ ನಮ್ಮವ್ವ, ಆ ಮೊಬೈಲು ಜರಾ ಕೆಳಗಿಡು, ಮುಂಜಾನಿಂದ ನೋಡಾಕತ್ತೇನಿ, ನೀರು ಸೋಸೋ ಮಷೀನ್ ಒಂದು ಗ್ವಾಡಿಗಿ ಹಚ್ಚಾಕ ಮೂರು ಮಂದಿ, ಮೂರು ಮಂದಿಗೂ ಮೂರು ಮೊಬೈಲು, ನಿನ್ನ ಗಂಡ ಅಂತಾನ ಕೆಂಪಂದು ಮೊದಲು, ನೀ ಅಂತಿ ನೀಲಿದು ಮೊದಲು, ಇನ್ನೊಬ್ಬಾಕಿ ಅಂತೂ ಇನ್ನಾ ಹುಡುಕೇ ಹುಡುಕಾಕತ್ತಾಳ, ಅಡಗಿಮನಿ ತುಂಬ ನೀರು, ಹಿಟ್ಟಿನ ಡಬ್ಬಿ ತನಕ ಬಂದದ. ನಳ ಬಿಟ್ಟು ಪೈಪಿನ ಬಾಯಿಗಿ ಬೆರಳಿಟ್ಟು ನೋಡೀರೇನು ಯಾರಾರ? ಇಲ್ಲ. ನೋಡಂಗಿಲ್ಲ. ಬೆರಳು ತೊಯ್ತದ ನೋಡು! ಬರ್ರಿ ಇತ್ತಾಗ, ನಳ ಬಂದ್ ಮಾಡಿ ಕಟ್ಟಿ ಮ್ಯಾಲ ಕುಂದರ್ರಿ, ಹೆಂಗೂ ಅರಬಿ ತೊಯ್ಸಿಕೊಂಡೀರಿ, ಒಣಗೋತನ ಈ ಅಜ್ಜನ ಮಾತು ಕೇಳ್ರಿ. ನಗಬ್ಯಾಡ್ರಿ. ಇದ ತಪ್ಪು ನಾನೂ ಮಾಡೀನಿ, ಬರೋಬ್ಬರಿ ಇದ ತಪ್ಪು, ಅದೂ ನೀರಿನ ಮಷೀನಲ್ಲ, ಲಾರಿ ಎಂಜಿನ್ನು, ಅದರಾಗ ನನ್ನ ನೌಕ್ರಿ ಹೋಗೋದು ಒಂದು ಕೂದಲದಾಗ ಉಳೀತು.

ಆವಾಗ ನಮ್ಮ ಸೀಮಿ ಹೈದ್ರಾಬಾದಿಂದು ಹೋಗಿ ಮೈಸೂರಿಂದು ಆಗೋ ಹೊತ್ತು. ನಿಜಾಮನ ಕಾಲ ಮುಗದಿತ್ತು, ಹೊಸಾದು ಇನ್ನಾ ಸರಿಯಾಗಿ ಕುಂತಿದ್ದಿಲ್ಲ. ಕಚೇರಿಗಿ ಹೋದ್ರ ಒಬ್ಬ ಗುಮಾಸ್ತ ಉರ್ದುದಾಗ ಬರೀತಿದ್ದ, ಅವನ ಬಾಜೂಕಿನವ ಕನ್ನಡದಾಗ ಬರೀತಿದ್ದ, ಒಬ್ಬರದು ಒಬ್ಬರಿಗಿ ಓದಾಕ ಬರಂಗಿಲ್ಲ, ಇಬ್ಬರೂ ಕೂಡಿ ನಮ್ಮನ್ನ ನಾಳಿ ಬಾ ಅಂತ ವಾಪಸ್ ಕಳಸ್ತಿದ್ರು. ಸಣ್ಣ ಸಣ್ಣ ಹುಡುಗ್ರು ಸೈತ ಹೋಟೇಲದಾಗ ಕುಂತು, ಇನ್ನ ಮುಂದ ನಮ್ಮದ ರಾಜ್ಯ, ನಮ್ಮದ ಭಾಷಾ ಅಂತ ಮೀಸಿ ತಿರುವೋರು. ಮೀಸಿ ಇರಲಿಲ್ಲ, ತಿರುವೋರು. ಅವ್ರಾಗ ನಾನೂ ಒಬ್ಬ. ನನಗ ಇಪ್ಪತ್ತೋ ಇಪ್ಪತ್ತೊಂದೋ, ಯಾರು ಬರದಿಟ್ಟಾರ. ನಮ್ಮದು ಬಳಿಚಕ್ರ, ಕುರುಬರ ಮನಿ, ಅದು ನಿಮಗ ಗೊತ್ತದ. ನಿಜಾಮನ ರಾಜ್ಯ ಬೀಳೋ ಗದ್ದಲದ ವರ್ಷ ನಮ್ಮ ಹಿಂಡಿನ್ಯಾಗ ಅರ್ಧಕ್ಕಿಂತ ಹೆಚ್ಚು ಕುರಿ ಹೋದ್ವು. ಯಾರು ಹೊಡಕೊಂಡು ಹೋದ್ರು, ಯಾವ ಕಡಿಯವ್ರು, ಅದು ಬ್ಯಾಡ ಈಗ. ಅಪ್ಪ ಅದ ಎದಿಗಿ ಹಚ್ಚಿಕೊಂಡು ತೀರಿ ಹೋಗಿಬಿಟ್ಟ. ಉಳಿದ ಕುರಿ ನಮ್ಮವ್ವ ಮಾಳವ್ವನ ಕೈಯಾಗ, ಆಕಿ ಹೊಟ್ಟಿ ಮತ್ತ ನನ್ನ ಎರಡು ಸಣ್ಣ ತಂಗಿಗೋಳ ಹೊಟ್ಟಿ ನನ್ನ ಕೈಯಾಗ. ಮಠದ ಅಯ್ಯನೋರ ಕಟ್ಟಿ ಮ್ಯಾಲ ಉಸುಕಿನ್ಯಾಗ ಬೆರಳಾಡಿಸಿ ಕನ್ನಡ ಅಕ್ಷರ ಕಲತಿದ್ದೆ, ಒಬ್ಬ ಗುತ್ತೇದಾರನ ಹತ್ರ ಗಾಡಿ ಹೊಡಿಯೋದು ಕಲತಿದ್ದೆ. ಇಷ್ಟ ನನ್ನ ಆಸ್ತಿ. ಅಷ್ಟರ ಮ್ಯಾಲ ಶಹಾಪುರದ ಶರಣಪ್ಪ ಸಾವ್ಕಾರ ನನಗ ಡ್ರೈವರ್ ನೌಕ್ರಿ ಕೊಟ್ಟ. ನಮ್ಮ ಕೇರಿಯಾಗ ಮೊದಲನೇ ಡ್ರೈವರ್ ನಾನು. ಊರಿಗಿ ಬಂದ್ರ ಹ್ಯಾಂಗ ನಡೀತಿದ್ದೆ ಅಂತೀರಿ, ನೆಲ ನನಗ ಸಾಲ್ತಿದ್ದಿಲ್ಲ.

ಲಾರಿ ಅಂದ್ರ ಎಂಥಾದ್ದು? ಲಡಾಯಿ ಮುಗದ ಮ್ಯಾಲ ಲಿಲಾವಿನ್ಯಾಗ ಬಂದ ಮಿಲಿಟರಿ ಲಾರಿ. ಹಸರು ಬಣ್ಣ ಅರ್ಧ ಹೋಗಿ ತುಕ್ಕು ಕಾಣ್ತಿತ್ತು, ಬಾಗಲಾ ಹಗ್ಗದಿಂದ ಕಟ್ಟಬೇಕು, ಮುಂಜಾನಿ ಹ್ಯಾಂಡಲ್ ಹಾಕಿ ತಿರುವಿ ತಿರುವಿ ರಟ್ಟಿ ಬೀಳತಿತ್ತು. ಇರ್ಲಿ, ಅದೂ ತಡಕೋಬಹುದು. ಆದ್ರ ನಮ್ಮ ಎರಿ ನೆಲದ ಧೂಳು ಮತ್ತ ಹತ್ತಿ ಎಳಿ, ಇವೆರಡೂ ಕೂಡಿ ಎಂಜಿನ್ನಿನ ಎಣ್ಣಿ ವಾರದಾಗ ಕಾಡಿಗಿ ಮಾಡ್ತಿದ್ವು. ಆ ಹೊಲಸು ಎಣ್ಣಿಯಿಂದ ಒಳಗಿನ ಬೇರಿಂಗ್ ಸುಟ್ಟು ಹಿಂದಿನ ಡ್ರೈವರನ ನೌಕ್ರಿ ಹೋಗಿತ್ತು. ಸಾವ್ಕಾರ ನನ್ನ ಇಟ್ಟುಕೊಳ್ಳೋ ದಿನಾನ ಹೇಳಿದ್ದ, "ನಿಂಗ್ಯಾ, ಕೇಳು, ಇನ್ನೊಂದು ಸಲ ಎಂಜಿನ್ ಸುಟ್ರ ನಾ ರಿಪೇರಿ ಮಾಡ್ಸಂಗಿಲ್ಲ. ಗಾಡಿ ಗುಜರಿಗಿ ಹೋಗ್ತದ, ನೀ ಕುರಿ ಕಾಯಾಕ ಹೋಗ್ತಿ." ಎಲ್ಲರ ಮುಂದ ಹೇಳಿದ. ನಾ "ಹೌದ್ರಿ" ಅಂದೆ. ಏನನ್ಲಿ?

ಆಮ್ಯಾಲ ಸಾವ್ಕಾರ ಹೈದ್ರಾಬಾದಿಗಿ ಹೋದಾಗ ಗುಜರಿ ಬಜಾರದಿಂದ ಒಂದು ಸೋಸೋ ಡಬ್ಬಿ ತಂದ. ಫಿಲ್ಟರ್ರು. ಈಗ ನಿಮ್ಮ ಗಾಡಿಗೆಲ್ಲ ಅದು ಕಂಪನಿಯಿಂದ ಬರ್ತದ, ಅಂಗೈಯಾಗ ಹಿಡೀತದ, ನಮ್ಮ ಆ ಲಾರಿಗಿ ಇದ್ದಿದ್ದ ಇಲ್ಲ, ಹೊರಗಿಂದ ಹಚ್ಚಬೇಕು. ಕಬ್ಬಿಣದ ದೊಡ್ಡ ಡಬ್ಬಿ, ಎರಡು ಸೇರಿನ ಚೊಂಬಿನಷ್ಟು. ಅದಕ್ಕ ಎರಡು ಬಾಯಿ. ಎಂಜಿನ್ನಿನ ಬಗಲಾಗ ಒಂದು ಹಿತ್ತಾಳಿ ಬೂಚು ಇರ್ತಿತ್ತು, ಅದು ಬಿಚ್ಚಿದ್ರ ಎಣ್ಣಿ ಜೋರಿನಿಂದ ಬರೋ ಜಾಗ. ಅಲ್ಲಿಂದ ತಾಮ್ರದ ಪೈಪು ಹಚ್ಚಿ ಡಬ್ಬಿಯ ಒಂದು ಬಾಯಿಗಿ ತರಬೇಕು, ಇನ್ನೊಂದು ಬಾಯಿಯಿಂದ ಇನ್ನೊಂದು ಪೈಪು ಹಚ್ಚಿ ಕೆಳಗ ಎಣ್ಣಿ ತೊಟ್ಟಿಗಿ ವಾಪಸ್ ಬಿಡಬೇಕು. ಹೊಲಸು ಹೋಗ್ತದ, ಚೊಕ್ಕ ಬರ್ತದ, ಇಷ್ಟ. ಎಂಜಿನ್ ಕಡಿ ಯಾವ ಪೈಪು ಎಲ್ಲಿ ಅಂತ ಯಾರಿಗೂ ತಕರಾರಿಲ್ಲ. ತಕರಾರು ಬಂದದ್ದು ಡಬ್ಬಿ ಕಡಿ. ಯಾವ ಬಾಯಾಗ ಹೋಗಬೇಕು, ಯಾವ ಬಾಯಿಂದ ಬರಬೇಕು? ಡಬ್ಬಿ ಕೂಡ ಒಂದು ಹಾಳಿ ಇತ್ತು, ಅದರಾಗ ಡಬ್ಬಿದು ಚಿತ್ರ, ಸುತ್ತ ಇಂಗ್ಲಿಷ್ ಅಕ್ಷರ. ಬಾಣದ ಗುರ್ತು ಇತ್ತೋ ಏನೋ, ಅದು ಮಡಿಕಿ ಬಿದ್ದಲ್ಲಿ ಹರದು ಹೋಗಿತ್ತು.

ಗಾಡಿ ಒಯ್ದದ್ದು ಯಾದಗಿರಿಗಿ, ಸ್ಟೇಷನ್ ಹಿಂದ ಖಾಜಾಸಾಬ್ ಉಸ್ತಾದನ ಶೆಡ್ಡಿಗಿ. ಆ ಉಸ್ತಾದ ಅಂದ್ರ ಏನು ಮನಷ್ಯಾ ಅಂತೀರಿ. ಬಿಳಿ ಗಡ್ಡ, ಕಪ್ಪು ಕೈ. ಗಾಡಿ ರಸ್ತಾದಾಗ ಬರೋ ಸಪ್ಪಳ ಕೇಳಿ, ಕುಂತಲ್ಲೇ, "ಮೂರನೇ ಪಿಸ್ಟನ್ ಹೋಗ್ಯಾದ, ಅವ್ನಿಗಿ ಹೇಳು" ಅನ್ನೋನು. ಮಾತು ಕಮ್ಮಿ, ಸಿಟ್ಟು ಜಾಸ್ತಿ. ಡಬ್ಬಿ ನೋಡಿದ, ಮುಚ್ಚಳ ತೆಗದ. ಒಳಗ ನಡುವ ತೂತು ತೂತಿನ ಒಂದು ನಳಗಿ, ಅದರ ಸುತ್ತ ಸೋಸೋ ಮಾಲು ಇರಬೇಕಿತ್ತು, ಅದ ಇಲ್ಲ, ಖಾಲಿ. ಸಾವ್ಕಾರನ ಮುನೀಮ ನನ್ನ ಜೋಡಿ ಬಂದಿದ್ದ, ಅವ ಅಂದ, "ಹತ್ತಿ ತುಂಬ್ರಿ, ನಮ್ಮಲ್ಲಿ ಬೇಕಾದಷ್ಟು ಅದ." ಉಸ್ತಾದ ಅವನ ಮಾರಿ ಸೈತ ನೋಡ್ಲಿಲ್ಲ. "ಹತ್ತಿ ಎಣ್ಣಿಯಾಗ ಮುದ್ದಿ ಆಗ್ತದ. ಉಣ್ಣಿ ಬೇಕು, ಕುರಿ ಕೂದಲ. ಒರಟಂದು ಒಂದಿಷ್ಟು, ಮರಿದು ಮೆತ್ತಂದು ಒಂದಿಷ್ಟು," ಅಂದ. ಉಣ್ಣಿ ಅಂದ ಮ್ಯಾಲ ಯಾರ ಮನಿಗಿ ಹೋಗಬೇಕು? ನಮ್ಮನಿಗೇ.

ನಮ್ಮವ್ವ ಎರಡು ದಿನ ಕುಂತು ಉಣ್ಣಿ ತೊಳದು, ಒಣಗಿಸಿ, ಹಿಂಜಿ, ಗಂಟು ಕಟ್ಟಿಕೊಂಡು ಖುದ್ದು ಉಸ್ತಾದನ ಶೆಡ್ಡಿಗಿ ಬಂದ್ಲು. ಶೆಡ್ಡಿನ ಮುಂದ ಬೇವಿನ ಗಿಡದ ಬುಡಕ ಉಸ್ತಾದ ಕುಂತಿದ್ದ, ಕೈಯಾಗ ಆ ಖಾಲಿ ಡಬ್ಬಿ. ನಾ ದೂರದಿಂದ ನೋಡ್ತೀನಿ, ಉಸ್ತಾದ ಕಣ್ಣು ಅರ್ಧ ಮುಚ್ಚಿ ಡಬ್ಬಿಯ ಒಂದು ಬಾಯಿಗಿ ತನ್ನ ಬಾಯಿ ಹಚ್ಚಿ ಊದಿದ, ಆಮ್ಯಾಲ ಇನ್ನೊಂದು ಬಾಯಿಗಿ ಹಚ್ಚಿ ಊದಿದ, ಮತ್ತ ಮೊದಲನೇದು, ಮತ್ತ ಎರಡನೇದು. ತುಟಿ ಏನೋ ಅಲಗಾಡ್ತಿತ್ತು. ನಾ ಏನು ತಿಳಕೊಂಡೆ? ನಮ್ಮ ಕಡಿ ಕೂಸಿಗಿ ಜ್ವರ ಬಂದ್ರ ದರ್ಗಾಕ್ಕ ಒಯ್ದು ಊದಿಸ್ಕೊಂಡು ಬರ್ತೀವಿಲ್ಲ, ನಿನ್ನೂ ಒಯ್ದಿದ್ದೆ ರೇಣುಕಾ, ನೀ ಮುಲ್ಲಾನ ಗಡ್ಡ ಹಿಡದು ಜಗ್ಗಿದ್ದಿ. ಹಂಗ ಉಸ್ತಾದ ದುವಾ ಓದಿ ಡಬ್ಬಿಗಿ ಊದಾಕತ್ತಾನ ಅಂತ ತಿಳಕೊಂಡೆ! ಒಳ್ಳೇದಾತು ಬಿಡು, ನಮ್ಮ ಗಾಡಿಗೂ ದುವಾ ಬಿತ್ತು ಅಂತ ದೂರದಿಂದಾನ ಕೈ ಮುಗದು, ಹೋಟೇಲಿಗಿ ಚಾ ಕುಡಿಯಾಕ ಹೋದೆ. ಹೋಟೇಲದಾಗ ನನ್ನ ಗಾಡಿಗಿ ಫಿಲ್ಟರ್ ಬಂದದ ಅಂತ ನಾಕು ಮಂದಿಗಿ ಹೇಳಬೇಕಿತ್ತಲ್ಲ. ಆ ಹೊತ್ತಿನ್ಯಾಗ ಉಸ್ತಾದ ನಮ್ಮವ್ವಗ ಏನು ಹೇಳಿದ, ಉಣ್ಣಿ ಹ್ಯಾಂಗ ತುಂಬ್ಸಿದ, ನಾ ನೋಡ್ಲಿಲ್ಲ. ಅವ್ವ ತುಂಬಿ ಕೊಟ್ಟು ತನ್ನ ಹಿಂಡಿಗಿ ಹೋದ್ಲು.

ವಾಪಸ್ ಬಂದ್ರ ಉಸ್ತಾದ ತಾಮ್ರದ ಪೈಪು ಬಗ್ಗಿಸಿ ತಯಾರ್ ಇಟ್ಟಿದ್ದ. ಬಾನೆಟ್ ಮ್ಯಾಲ ಆ ಹಾಳಿ ಬಿಚ್ಚಿತ್ತು. ಮುನೀಮ ಬಿಚ್ಚಿಟ್ಟು, "ಬರೋಬ್ಬರಿ ನೋಡಿ ಮಾಡ್ರಿ ಉಸ್ತಾದ, ಸಾವ್ಕಾರರು ಹೇಳ್ಯಾರ" ಅಂತ ನಿಂತಿದ್ದ. ಉಸ್ತಾದ ಹಾಳಿ ಕೈಯಾಗ ತಗೊಂಡ, ಒಂದು ಗಳಿಗಿ ಹಿಡದ, ಇಟ್ಟ. "ಎಂಜಿನ್ ಪೈಪು ಬಲಗಡಿ ಬಾಯಿಗಿ ಹಚ್ಚು, ಎಡಗಡಿದು ವಾಪಸ್," ಅಂದ. ನನಗ ಅಲ್ಲೇ ತಲಿ ತಿರುಗ್ತು. ಯಾಕಂದ್ರ ನಾನೂ ಆ ಚಿತ್ರ ನೋಡಿದ್ದೆ, ಯಾವದಾದ್ರೂ ಎಡಕಿಂದ ಶುರುವಾಗಿ ಬಲಕ್ಕ ಹೋಗಬೇಕಲ್ಲ, ಅಯ್ಯನೋರು ಹಂಗ ಕಲಿಸ್ಯಾರ. ನಾ ಅಂದೆ, "ಇಲ್ರಿ ಉಸ್ತಾದ, ಎಡಗಡಿ ಮೊದಲು." ಅವ ಅಂದ, "ಬಲಗಡಿ." ನಾ, "ಎಡಗಡಿರಿ, ಚಿತ್ರ ನೋಡ್ರಿ ಬೇಕಾದ್ರ." ಅವ, "ಅರೆ, ಬಲಗಡಿ ಅಂದ್ರ ಬಲಗಡಿ. ಬಾತ್ ನಕ್ಕೊ ಬಢಾ, ಮಾತು ಬೆಳಸಬ್ಯಾಡ." ಮುನೀಮ ಹಲ್ಲು ಕಿಸದ. ಅವ ಕಿಸದಾನ ಅಂತ ನನಗ ಇನ್ನಾ ಉಬ್ಬು ಬಂತು. ಏನಂದೆ ಗೊತ್ತದೇನು? ಹೇಳಾಕ ಇವತ್ತಿಗೂ ನಾಚಿಕಿ ಬರ್ತದ. "ಉಸ್ತಾದ, ಬಲಕಿಂದ ಓದೋ ಕಾಲ ಮುಗೀತು. ನಿಮ್ಮ ಉರ್ದು ರಾಜ್ಯ ಹೋತು. ಇನ್ನ ಮುಂದ ಎಡಕಿಂದ ಓದೋದು ಕಲೀರಿ," ಅಂದೆ.

ಅಂದುಬಿಟ್ಟೆ! ನನಗಿಂತ ಮೂರು ಪಟ್ಟು ವಯಸ್ಸಿನ ಮನಷ್ಯಾ, ಗದ್ದಲದ ವರ್ಷ ನಮ್ಮ ಕೇರಿ ಹೆಣ್ಮಕ್ಳನ್ನ ತನ್ನ ಶೆಡ್ಡಿನ್ಯಾಗ ಬಚ್ಚಿಟ್ಟು ಹೊರಗ ಸ್ಪಾನರ್ ಹಿಡದು ಕುಂತವ, ಅವ್ನಿಗಿ ಅಂದೆ. ಉಸ್ತಾದನ ಮಾರಿ ಸಣ್ಣದಾತು. ಬೈತಾನ ಅಂದ್ರ ಬೈಲಿಲ್ಲ. ಒಂದೊಂದ ಸ್ಪಾನರ್ ಅರಬಿಲೇ ಒರಸಿ ಚೀಲದಾಗ ಹಾಕಿದ. "ಹಂಗಾದ್ರ ನೀನ ಹಚ್ಚಪ್ಪ. ನಿಮ್ಮ ಕಾಲ ಬಂದದ," ಅಂದ, ಕೈ ಕಾಲು ತೊಳಕೊಂಡು ಇಳಿಹೊತ್ತಿನ ಅಸರ್ ನಮಾಜಿಗಿ ಹೋಗಿಬಿಟ್ಟ. ನಾ ಹಚ್ಚಿದೆ. ಎಡಗಡಿ ಬಾಯಿಗಿ. ಬಿಗೀ ಬಿಗಿ ಮಾಡಿ ಹಚ್ಚಿದೆ. ಅಲ್ಲ, ಒಂದು ಮಾತು ಕೇಳ್ರಿ, ಅಲ್ಲಿಂದ ನಾಕು ಹೆಜ್ಜಿಗಿ ಸ್ಟೇಷನ್ನು, ಸ್ಟೇಷನ್ನಿನ್ಯಾಗ ಇಂಗ್ಲಿಷ್ ಓದೋ ಬಾಬು ಕುಂತಾನ, ಆ ಹಾಳಿ ಒಯ್ದು ಅವನ ಮುಂದ ಹಿಡದಿದ್ರ ಏನು ಗಂಟು ಹೋಗತಿತ್ತು? ಇಜ್ಜತ್ತು ಹೋಗತಿತ್ತಂತ! ಮುನೀಮನ ಮುಂದ ನಾ ಓದಿ ಹೇಳೀನಿ, ಈಗ ಇನ್ನೊಬ್ಬರಿಗಿ ಕೇಳ್ತೀನೇನು? ನನ್ನಂಥಾ ಬೇಕೂಫ ಆ ಮೂರು ತಾಲೂಕಿನ್ಯಾಗ ಇದ್ದಿಲ್ಲ.

ಗಾಡಿ ಚಾಲೂ ಮಾಡಿದೆ, ಎಣ್ಣಿ ಜೋರು ತೋರ್ಸೋ ಮುಳ್ಳು ಸ್ಟೇರಿಂಗ್ ಮುಂದ ಚೊಲೋ ನಿಂತಿತ್ತು. ನನಗ ಹಿಗ್ಗು. ಮಸೀದಿ ಮುಂದ ಹಾಯುವಾಗ ಬೇಕಂತಾನ ಎರಡು ಸಲ ಹಾರ್ನ್ ಹೊಡದೆ. ಹೊಡದೆವ್ವ, ಮುಚ್ಚಿಡೋದು ಏನದ. ಹೊಳಿ ದಾಟಿ ಶಹಾಪುರಕ್ಕ ಹೋದೆ, ಮರುದಿನ ನಸುಕಿನ್ಯಾಗ ವನದುರ್ಗಕ್ಕ ಹೋಗಿ ಹತ್ತಿ ಅಂಡಗಿ ಹೇರಿದ್ವಿ, ಕಟ್ಟಿದ್ವಿ, ಮುನೀಮ ನನ್ನ ಬಾಜೂ ಕುಂತ, ಯಾದಗಿರಿ ಸ್ಟೇಷನ್ನಿಗಿ ಹೊಂಟ್ವಿ. ಅಲ್ಲಿ ಮಾಲು ಗಾಡಿ ಡಬ್ಬಿ ನಿಂತಿತ್ತು, ಹೊತ್ತು ಮುಳುಗೋದ್ರಾಗ ಹತ್ತಿ ಅದರಾಗ ಬೀಳಬೇಕು, ಇಲ್ಲಂದ್ರ ಡಬ್ಬಿ ಹೋಗ್ತದ. ಬ್ಯಾಸಗಿ, ಭೀಮಾ ಹೊಳಿ ಬತ್ತಿತ್ತು, ಉಸುಕಿನ್ಯಾಗ ಕಟಗಿ ಹಾಸಿ ಹಾದಿ ಮಾಡಿದ್ರು. ಹೊಳಿ ದಂಡಿಗಿ ಇಳಿಯೋ ಮುಂದ ನೋಡ್ತೀನಿ, ಮುಳ್ಳು ಅರ್ಧಕ್ಕ ಬಂದದ. ಬೆರಳಿಲೇ ಟಕ್ ಟಕ್ ಬಡದೆ, ಮುಳ್ಳು ಸಿಕ್ಕೊಂಡದ ಅಂತ. ಮತ್ತ ಇಳೀತು. ಇನ್ನಾ ಇಳೀತು. ಎಂಜಿನ್ ಒಳಗಿಂದ ಕಟಕಟ ಕಟಕಟ ಅಂತ ಸಪ್ಪಳ. ನಾ ಗಾಡಿ ಸಾವಕಾಶ ಮಾಡಿದೆ.

ಮುನೀಮ ಅಂತಾನ, "ಯಾಕ ಸಾವಕಾಶ ಮಾಡಿದಿ? ಹೊಡಿ, ಹೊಡಿ, ಹೊಳಿ ದಾಟಿದ್ರ ಸ್ಟೇಷನ್ ಬಂತು!" ನಾ ಅಂದೆ, "ಎಣ್ಣಿ ಬರವಲ್ದು, ಹೊಡದ್ರ ಬೇರಿಂಗ್ ಸುಡ್ತದ್ರಿ." "ಏ, ಇನ್ನೆಷ್ಟು ದೂರ ಅದ, ಹೊಡೀಲೇ!" ಅಂದ. ಆವಾಗ ದೇವ್ರು ಅದೊಂದು ಅಕ್ಕಲ್ ಕೊಟ್ಟ ನೋಡ್ರಿ, ಉಸ್ತಾದ ಯಾವಾಗೋ ಹೇಳಿದ್ದು ನೆಪ್ಪಿಗಿ ಬಂತು, ಮುಳ್ಳು ಬಿದ್ರ ತಂದಿ ಸತ್ರೂ ಗಾಡಿ ನಿಲ್ಲಸು ಅಂತ. ಚಾವಿ ತಿರುವಿದೆ. ಗಾಡಿ ಹೊಳಿ ದಂಡಿ ಮ್ಯಾಲ ನಿಂತುಬಿಡ್ತು. ಮುನೀಮ ಕೆಳಗಿಳದು ಧೋತರ ಝಾಡಿಸಿ, "ನಿಂಗ್ಯಾ, ಹೊತ್ತು ಮುಳುಗೋತನ ನೋಡ್ತೀನಿ. ಹತ್ತಿ ಸ್ಟೇಷನ್ ಮುಟ್ಟಲಿಲ್ಲಂದ್ರ ಸಾವ್ಕಾರರು ಏನು ಮಾಡ್ತಾರ ನಾ ಹೇಳೋದು ಬ್ಯಾಡ, ನಿನಗ ಗೊತ್ತದ," ಅಂತಂದು ಗಿಡದ ನೆರಳಿಗಿ ಹೋಗಿ ಟವೆಲ್ ಹಾಸಿ ಮಕ್ಕೊಂಡ. ಮಕ್ಕೊಂಡ! ನನ್ನ ನೌಕ್ರಿ ಹೋಗಾಕತ್ತದ, ಈ ಮಗ ಗೊರಕಿ ಹೊಡೀತಾನ.

ಅದೇ ಹೊಳಿ ದಂಡಿ ಹೊಲದಾಗ ನಮ್ಮವ್ವ ಹಿಂಡು ತರಬಿದ್ಲು. ಬ್ಯಾಸಗಿಯಾಗ ಗೊಬ್ಬರಕ್ಕಂತ ಹೊಲದವ್ರು ಕುರಿ ನಿಲ್ಲಿಸ್ಕೊಳ್ತಿದ್ರು, ನಾವು ಹೊಳಿ ದಂಡೀನ ಹಿಡದು ತಿರಗ್ತಿದ್ವಿ. ನಾ ಫಿಲ್ಟರ್ ಡಬ್ಬಿಯ ಮುಚ್ಚಳ ಬಿಚ್ಚಿ ನೋಡಿದ್ರ ಒಳಗ ಉಣ್ಣಿ ಎಲ್ಲ ಕೆದರಿ ಗ್ವಾಡಿಗಿ ಒತ್ತಿಕೊಂಡು ಕುಂತದ, ಅರ್ಧಕ್ಕರ್ಧ ಉಣ್ಣಿ ಇಲ್ಲೇ ಇಲ್ಲ. ಹೋಗಿದ್ದೆಲ್ಲಿ? ಪೈಪಿನಿಂದ ಎಂಜಿನ್ನಿನ ಹೊಟ್ಟ್ಯಾಗ. ಅಲ್ಲಿ ಎಣ್ಣಿ ಎಳಕೊಳ್ಳೋ ಜಾಳಗಿ ಕಟ್ಟಿಬಿಟ್ಟದ. ನನಗ ಸಿಟ್ಟು ಯಾರ ಮ್ಯಾಲ ಬರಬೇಕು? ನಮ್ಮವ್ವನ ಮ್ಯಾಲ ಬಂತು! ಡಬ್ಬಿ ಎತ್ತಿಕೊಂಡು ಓಡಿದೆ. "ನೋಡಬೇ, ನೋಡು, ನಿನ್ನ ಉಣ್ಣಿ ನನ್ನ ನೌಕ್ರಿ ತಿಂತು! ಎಂಥಾ ಉಣ್ಣಿ ತುಂಬೀದಿ?" ಅಂತ ಒದರಾಡಿದೆ.

ಆಕಿ ಕೈಯಾಗಿನ ಕಡ್ಡಿ ಕುರಿ ತಿರುವಾಕಂತ ಇತ್ತೋ ನನಗ ಹೊಡಿಯಾಕಂತ ಇತ್ತೋ, ಒಂದು ಬಿಗದ್ಲು ನೋಡ್ರಿ ಮೊಣಕಾಲಿಗಿ. "ನನ್ನ ಉಣ್ಣಿಗಿ ಅಂತೀಯೇನು? ಬಳಿಚಕ್ರದಾಗ ಯಾವಾಕಿಯಾರ ನನ್ನಷ್ಟು ಚೊಲೋ ಹಿಂಜ್ತಾಳೇನು ಕೇಳು ಹೋಗು!" ಅಂದ್ಲು. ಆಮ್ಯಾಲ ನೆಲಕ್ಕ ಕುಂತು ಡಬ್ಬಿಯಾಗಿನ ಉಣ್ಣಿ ಎಳಿ ಎಳಿ ಬಿಡಿಸಿ ತೊಡಿ ಮ್ಯಾಲ ಹಾಸಿಕೊಂಡ್ಲು. ಒಂದು ಎಳಿ ಎತ್ತಿ ನೋಡಿದ್ಲು, ಇನ್ನೊಂದು ಎತ್ತಿ ನೋಡಿದ್ಲು. ನಾ ಜಲ್ದಿ ಜಲ್ದಿ ಅಂತ ಕುಣೀತೀನಿ. ಆಕಿ ಅಂತಾಳ, "ಹೊರಗಿನ ಒರಟು ಉಣ್ಣಿ ನೋಡು, ಬೆಳ್ಳಗ ಅದ. ಒಳಗಿನ ಮರಿ ಉಣ್ಣಿ ನೋಡು, ಕರ್ರಗ ಆಗ್ಯಾದ. ಹೊಲಸು ಎಲ್ಲಿ ಮೊದಲು ಹತ್ತದ? ಎಣ್ಣಿ ಒಳಕ್ಕ ಬಂದದ್ದೇ ಎಲ್ಲಿಂದ? ನಡುವಿಂದ ಬಂದದ. ಉಸ್ತಾದ ನನಗ ಏನು ಹೇಳಿದ್ದ, ಎಣ್ಣಿ ಹೊರಗಿಂದ ಬಂದು ನಡುವಕ್ಕ ಹೋಗ್ತದವ್ವ, ಅದಕ್ಕ ಹೊರಗ ಒರಟಂದು ಹಾಕು, ಒಳಗ ಮೆತ್ತಂದು ಹಾಕು, ನಳಗಿಗಿ ತೆಳು ಅರಬಿ ಸುತ್ತು, ಎಳಿ ಹೋಗಬಾರ್ದು ಅಂತ. ನಾ ಹಂಗ ಮಾಡೀನಿ. ನಿಮ್ಮ ಎಣ್ಣಿ ಉಲ್ಟಾ ಬಂದು ಅರಬಿ ಕಿತ್ತು ಒಗದದ. ಉಲ್ಟಾ ಹಚ್ಚಿದವ ಯಾವನು?" ಆಕಿ ನನ್ನ ಮಾರಿ ನೋಡಿದ್ಲು, ತಿಳೀತು ಆಕಿಗಿ. "ಉಸ್ತಾದಗ ಏನಂದಿ?" ಅಂದ್ಲು. ಹೇಳಿದೆ. ಹೇಳಬೇಕಾತು. ಆಕಿ ಹೊಡೀಲಿಲ್ಲ, ಕಡ್ಡಿ ಕೆಳಗ ಒಗದು, "ಗದ್ದಲದಾಗ ಆ ಮನಷ್ಯಾನ ಬಾಗಲದಾಗ ನಿನ್ನ ತಂಗಿಗೋಳು ನಾಕು ದಿನ ಉಂಡಾವು," ಅಂದ್ಲು, ಅಷ್ಟ. ಹೊಡದಿದ್ರ ಚೊಲೋ ಇತ್ತು.

ಓಡಿದೆ. ಹೊಳಿ ಉಸುಕು ಕಾದು ಹೆಂಚಾಗಿತ್ತು, ಚಪ್ಪಲಿ ಕೈಯಾಗ ಹಿಡದು ಓಡಿದೆ, ಯಾಕ ಕೈಯಾಗ ಹಿಡದಿದ್ದೆ ಇವತ್ತಿಗೂ ತಿಳದಿಲ್ಲ, ಕಾಲಾಗ ಹಾಕ್ಕೊಂಡಿದ್ರ ಏನಾಗತಿತ್ತು. ಶೆಡ್ಡಿಗಿ ಹೋಗಿ ನಿಂತ್ರ ಉಸಿರು ಬರವಲ್ದು. ಉಸ್ತಾದ ಒಂದು ಸೈಕಲ್ ಬಿಚ್ಚಿಕೊಂಡು ಕುಂತಿದ್ದ. ನಾ "ಉಸ್ತಾದ" ಅಂದೆ. ಅವ ತಲಿ ಎತ್ತಲಿಲ್ಲ. "ಮುಳ್ಳು ಬಿತ್ತೇನು?" ಅಂದ. "ಬಿತ್ರಿ." "ನಿಲ್ಲಿಸಿದೇನು, ಓಡಿಸಿದೇನು?" "ನಿಲ್ಲಿಸೀನ್ರಿ, ಮುನೀಮ ಹೊಡಿ ಅಂದ, ಆದ್ರೂ ನಿಲ್ಲಿಸೀನಿ." ಆವಾಗ ತಲಿ ಎತ್ತಿ ನನ್ನ ನೋಡಿದ. ನನ್ನ ಕಣ್ಣಾಗ ನೀರು ಬಂದ್ವು. "ತಪ್ಪಾತ್ರಿ, ಮಾತು ತಪ್ಪಾತು. ನನ್ನ ಕೆಲಸ ಹೋದ್ರ ಹೋಗ್ಲಿ, ಆ ಮಾತು ಮನಸಿನ್ಯಾಗ ಇಟ್ಟುಕೋಬ್ಯಾಡ್ರಿ," ಅಂದೆ. ಸುಳ್ಳು, ಕೆಲಸ ಹೋಗಬಾರ್ದು ಅಂತಾನ ಓಡಿ ಬಂದಿದ್ದೆ, ಆದ್ರ ಆ ಗಳಿಗಿಗಿ ಅದೂ ಖರೇನ ಆಗಿತ್ತು. ಉಸ್ತಾದ ಎದ್ದು ಚೀಲ ಹೆಗಲಿಗಿ ಹಾಕಿದ. "ಚಲ್. ಗ್ಯಾಸ್ ಎಣ್ಣಿ ಡಬ್ಬಿ ತಗೋ. ಅಳಬ್ಯಾಡ, ನೀನು ಡ್ರೈವರ್ ಇದ್ದಿ."

ಹೊಳಿ ದಂಡಿಗಿ ಬಂದು ಇಬ್ಬರೂ ಗಾಡಿ ಕೆಳಗ ಹೊಕ್ವಿ. ತೊಟ್ಟಿ ಬಿಚ್ಚಿದ್ವಿ, ಇದ್ದ ಎಣ್ಣಿ ಒಂದು ಮಣ್ಣಿನ ಹರವ್ಯಾಗ ಹಿಡದ್ವಿ, ಎಣ್ಣಿ ಚೆಲ್ಲೋ ಕಾಲ ಅಲ್ಲ ಅದು, ನಮ್ಮವ್ವ ತನ್ನ ಸೀರಿ ಸೆರಗು ಹರದು ಅದರಾಗ ಸೋಸಿದ್ಲು. ಜಾಳಗಿ ತೆಗದ್ರ ಅದರ ತುಂಬ ನಮ್ಮ ಕುರಿ ಉಣ್ಣಿ, ಕರ್ರಗ, ಜಡಿ ಕಟ್ಟಿದ ಕೂದಲದಂಗ. ಗ್ಯಾಸ್ ಎಣ್ಣ್ಯಾಗ, ಅಂದ್ರ ಸೀಮಿಎಣ್ಣ್ಯಾಗ, ತೊಳದ್ವಿ. ಉಸ್ತಾದ ಬೇರಿಂಗಿಗಿ ಬೆರಳು ಹಚ್ಚಿ ನೋಡಿದ, ಕಿವಿ ಹಚ್ಚಿ ನೋಡಿದ, "ಉಳದದ," ಅಂದ. ಅವ್ವ ಹೊಸಾ ಉಣ್ಣಿ ತುಂಬಿದ್ಲು. ನಾ ಎಂಜಿನ್ ಪೈಪು ಬಲಗಡಿ ಬಾಯಿಗಿ ಹಚ್ಚಿದೆ, ಎಡಗಡಿದು ವಾಪಸ್. ಹೊತ್ತು ಇಳಿಯಾಕತ್ತಿತ್ತು. ಹ್ಯಾಂಡಲ್ ಹೊಡದೆ, ಚಾಲೂ ಆತು, ಮುಳ್ಳು ಮ್ಯಾಲೆ ಹೋತು, ನಿಂತು. ಉಸ್ತಾದ ನನ್ನ ಕೈ ಹಿಡದು ಡಬ್ಬಿ ಮ್ಯಾಲ ಇಟ್ಟ. ಡಬ್ಬಿ ಸಾವಕಾಶ ಬೆಚ್ಚಗಾಗಾಕತ್ತಿತ್ತು. "ಬೆಚ್ಚಗ ಆತಂದ್ರ ಎಣ್ಣಿ ತಿರಗಾಕತ್ತದ. ತಣ್ಣಗ ಇತ್ತಂದ್ರ ಇಲ್ಲ. ದಿನಾ ಕೈ ಇಟ್ಟು ನೋಡು," ಅಂದ.

ನನಗ ಹಿಗ್ಗಿನ್ಯಾಗ ಬಾಯಿ ಮತ್ತ ಸುಮ್ಮನಿರಲಿಲ್ಲ. ಹೊಗಳಬೇಕಂತ ಹೇಳಿದೆ, "ಉಸ್ತಾದ, ನೀವು ಬಲಕಿಂದ ಓದಿದ್ದ ಬರೋಬ್ಬರಿ ಇತ್ರಿ. ನಾ ಎಡಕಿಂದ ಓದಿ ಕೆಟ್ಟೆ." ಉಸ್ತಾದ ಶೆಡ್ಡಿನ್ಯಾಗ ಉಳದಿದ್ದ ಆ ಹಾಳಿ ಚೀಲದಿಂದ ತೆಗದ, ಅದರಿಂದ ತನ್ನ ಎಣ್ಣಿ ಕೈ ಒರಸಾಕತ್ತ. "ಓದಿದೆ ಅಂತ ನಿನಗ ಯಾರಂದ್ರು?" ಅಂದ. "ಅಲ್ರಿ, ನೀವು ಹಾಳಿ ಹಿಡದು ನೋಡಿದ್ರಿ, ಆಮ್ಯಾಲ ಬಲಗಡಿ ಅಂದ್ರಿ..." "ಮುನೀಮ ನಿಂತಿದ್ದ, ಹಿಡದೆ," ಅಂದ. "ಬೇಟಾ, ನನಗ ಬಲಕಿಂದಾನೂ ಓದಾಕ ಬರಂಗಿಲ್ಲ, ಎಡಕಿಂದಾನೂ ಬರಂಗಿಲ್ಲ. ಉರ್ದು ಬರಂಗಿಲ್ಲ, ಕನ್ನಡ ಬರಂಗಿಲ್ಲ. ಯಾವ ಸಾಲಿಗಿ ಯಾರು ಕಳಸ್ಯಾರ ನನಗ? ಊದಿ ನೋಡಿದ್ದೆ. ಎಡಗಡಿ ಬಾಯಾಗ ಊದಿದ್ರ ಗಾಳಿ ನಡುವಿನ ನಳಗಿಯಿಂದ ಬಂತು. ಬಲಗಡಿದು ಊದಿದ್ರ ಹೊರಗಿಂದ ಬಂತು. ಇಷ್ಟ. ನೀ ದೂರ ನಿಂತು ನೋಡ್ತಿದ್ದಿ, ಕೈ ಯಾಕ ಮುಗದಿ?"

ನನಗ ಭೂಮಿ ಬಾಯಿ ತೆಗದ್ರ ಹೋಗ್ತೀನಿ ಅನ್ನಂಗ ಆತು. ಆ ಮನಷ್ಯಾ ಉಸಿರು ಹಾಕಿ ಹಾದಿ ಹುಡುಕಾಕತ್ತಿದ್ರ ನಾ ದುವಾ ಅಂತ ಕೈ ಮುಗದು ಚಾ ಕುಡಿಯಾಕ ಹೋಗಿದ್ದೆ, ಅವ ಬಲಗಡಿ ಅಂದ್ರ ಉರ್ದು ಅಂತ ತಿಳಕೊಂಡೆ. ಗಡ್ಡ ನೋಡಿದೆ, ಊದಿದ್ದು ನೋಡಿದೆ, ಮಿಕ್ಕಿದ್ದೆಲ್ಲ ನಾನ ಬರಕೊಂಡೆ. ಯಾಕ ಹೇಳಲಿಲ್ರಿ ಆವಾಗ್ಲೇ, ಊದಿ ನೋಡೀನಿ ಅಂತ ಒಂದು ಮಾತು ಅಂದಿದ್ರ ಸಾಕಿತ್ತಲ್ಲ ಅಂದೆ. "ನೀ ಕೇಳಿದೇನು?" ಅಂದ. ನಮ್ಮವ್ವ ಆ ಕಡಿ ಮಾರಿ ಮಾಡಿ ಕುರಿ ಎಣಸಾಕತ್ತಿದ್ಲು, ನಗಾಕತ್ತಿದ್ಲು ಅನಸ್ತದ.

ಹತ್ತಿ ಮುಟ್ಟಿಸಿದೆ. ಹೊತ್ತು ಮುಳುಗಾಕ ಇನ್ನಾ ಒಂದು ಗೇಣು ಇತ್ತು. ಮುನೀಮ ಎಚ್ಚರಾಗಿ ಗಾಡಿಯಾಗ ಕುಂತವ ಏನೂ ಆಗೇ ಇಲ್ಲ ಅನ್ನಂಗ ವೀಳ್ಯಾ ಜಗದ. ಆ ಲಾರಿ ಗುಜರಿಗಿ ಹೋಗೋತನ ನಾನ ಹೊಡದೆ, ಸುರಪುರದ ಹಾದಿ, ಶಹಾಪುರದ ಹಾದಿ, ಎಲ್ಲ. ತಂಗಿಗೋಳ ಮದವಿ ಅದರ ಪಗಾರದಾಗ ಆದ್ವು. ಮಸೀದಿ ಮುಂದ ಹಾಯುವಾಗ ಮತ್ತ ಹಾರ್ನ್ ಹೊಡೀಲಿಲ್ಲ. ಇಳದು, ಉಸ್ತಾದನ ಶೆಡ್ಡಿನ ಮುಂದ ಡಬ್ಬಿಗಿ ಕೈ ಇಟ್ಟು, "ಬೆಚ್ಚಗ ಅದ್ರಿ" ಅಂತ ಒದರಿ ಮುಂದ ಹೋಗ್ತಿದ್ದೆ. ಅವ ಒಳಗಿಂದ "ಹೌ" ಅಂತಿದ್ದ.

ಸಾಕು, ಏಳ್ರಿ, ಅರಬಿ ಒಣಗ್ಯಾವ. ರೇಣುಕಾ, ನಳ ಬಿಡು ಸಾವಕಾಶ. ನೀಲಿ ಪೈಪಿನ ಬಾಯಿಗಿ ಬೆರಳಿಡು. ಮೊಬೈಲು ಏನಂತದ ಬ್ಯಾಡ, ಬೆರಳಿಗಿ ಏನು ತಿಳೀತದ ಅದು ಹೇಳು. ಮತ್ತ ನಿನ್ನ ಗಂಡ ಕೆಂಪಂದು ಅಂದಿದ್ದನಲ್ಲ, ಅವ ಯಾಕ ಹಂಗಂದ ಅಂತ ಒಂದು ಸಲ ಕೇಳು. ಕೇಳಿದ್ರ ಬಾಯಿ ಸವೀತದೇನು?